‘ಪಿನ್’ ಎಂಬ ಪುಟ್ಟ ಪದವನ್ನು ಬಿಡಿಸಿಕೊಳ್ಳುವುದು ಹೇಗೆ: ಅರ್ಥ, ಬಳಕೆ ಮತ್ತು ಕನ್ನಡಕ್ಕೆ ತರುವ ಕ್ರಮ

ಮದುವೆಯ ಮನೆಯಲ್ಲಿ ತಂಗಿಯ ಸೆರಗು ಸರಿಮಾಡುತ್ತಿರುವ ಅಕ್ಕ ‘ಪಿನ್ ಹಾಕಿದೆಯೇನೇ’ ಎಂದು ಕೇಳುತ್ತಾಳೆ. ಅದೇ ಮದುವೆಗೆ ಹೂವು ಕೊಂಡು, ಕ್ಯೂಆರ್ ಹಲಗೆಯ ಮುಂದೆ ಫೋನು ಹಿಡಿದು ನಿಂತ ಗಿರಾಕಿಯನ್ನು ಹೂವಾಡಗಿತ್ತಿಯೂ ‘ಪಿನ್ ಹಾಕಿದ್ರಾ ಸಾರ್’ ಎಂದೇ ಕೇಳುತ್ತಾಳೆ. ಒಂದು ತಿಂಗಳ ಹಿಂದೆ ಲಗ್ನಪತ್ರಿಕೆಗಳ ಲಕೋಟೆಯ ಮೇಲೆ ವಿಳಾಸ ಬರೆಯಿಸುತ್ತಿದ್ದ ಚಿಕ್ಕಪ್ಪ ಹುಡುಗನನ್ನು ಕೇಳಿದ್ದೂ ‘ಎಲ್ಲದಕ್ಕೂ ಪಿನ್ ಹಾಕಿದ್ದೀಯೇನೋ’ ಎಂದೇ. ನಾಮಪದ ಒಂದೇ, ಕ್ರಿಯಾಪದವೂ ಒಂದೇ. ಆದರೆ ಮೊದಲನೆಯದು ಉಕ್ಕಿನ ತಂತಿ, ಎರಡನೆಯದು ಗುಟ್ಟಿನ ಸಂಖ್ಯೆ, ಮೂರನೆಯದು ಊರಿನ ಸಂಖ್ಯೆ. ಆಡುವವರಿಗೆ ಸಂದರ್ಭವೇ ಅರ್ಥ ಹೇಳುವುದರಿಂದ ಮಾತಿನಲ್ಲಿ ತೊಡಕಾಗುವುದಿಲ್ಲ. ಇಂಗ್ಲಿಷ್ ಓದುವಾಗ, ಅನುವಾದಿಸುವಾಗ, ಅಥವಾ ಬೇರೆ ದೇಶದಲ್ಲಿ ಈ ಪದವನ್ನು ಬಾಯಿಬಿಟ್ಟು ಆಡುವಾಗ ತೊಡಕು ಹುಟ್ಟುತ್ತದೆ. ಅದನ್ನು ಬಿಡಿಸಿಕೊಳ್ಳುವ ಕ್ರಮವನ್ನು ಹಂತಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ‘ಹಾಕು’ ತೆಗೆದು ನೋಡಿ

ಕನ್ನಡದ ‘ಹಾಕು’ ಬಹಳ ಉದಾರವಾದ ಕ್ರಿಯಾಪದ. ಬಟ್ಟೆ, ಬೀಗ, ಸಹಿ, ಸಾರಿಗೆ ಉಪ್ಪು, ಎಲ್ಲವನ್ನೂ ನಾವು ಹಾಕುತ್ತೇವೆ. ಆದ್ದರಿಂದ ‘ಪಿನ್ ಹಾಕು’ ಎಂಬ ಮಾತು ಎದುರಾದಾಗ ‘ಹಾಕು’ ಎಂಬುದನ್ನು ತೆಗೆದು, ಆ ಜಾಗದಲ್ಲಿ ಇನ್ನೂ ನಿಖರವಾದ ಕ್ರಿಯಾಪದವನ್ನು ಇಟ್ಟು ನೋಡಬೇಕು. ‘ಚುಚ್ಚು’ ಹೊಂದಿದರೆ ಅದು ಗುಂಡುಸೂಜಿ ಅಥವಾ ಸೇಫ್ಟಿ ಪಿನ್ನು. ‘ಹೊಡೆ’ ಹೊಂದಿದರೆ ಸ್ಟೇಪ್ಲರಿನದು. ‘ಒತ್ತು’ ಹೊಂದಿದರೆ ಬ್ಯಾಂಕಿನದೋ ಫೋನಿನದೋ ಗುಟ್ಟಿನ ಸಂಖ್ಯೆ. ‘ಬರೆ’ ಹೊಂದಿದರೆ ಅಂಚೆಯದು. ‘ಸಿಕ್ಕಿಸು’ ಎಂದರೆ ಕೂದಲಿನದು, ‘ತೂರಿಸು’ ಅಥವಾ ‘ಬಡಿ’ ಎಂದರೆ ಯಂತ್ರದ ಕೀಲು. ಇಂಗ್ಲಿಷ್ ವಾಕ್ಯವನ್ನು ಓದುವಾಗಲೂ ಮೊದಲು ಅದರ ಕ್ರಿಯಾಪದಕ್ಕೆ ಯಾವ ಕನ್ನಡ ಕ್ರಿಯಾಪದ ಹೊಂದುತ್ತದೆ ಎಂದು ಕೇಳಿಕೊಳ್ಳಿ. ನಾಮಪದ ತಾನಾಗಿ ದಾರಿಗೆ ಬರುತ್ತದೆ. ನಿಘಂಟು ತೆರೆದು ‘ಸೂಜಿ, ಮೊಳೆ, ಕೀಲು, ಗೂಟ’ ಎಂಬ ಸಾಲಿನಿಂದ ಒಂದನ್ನು ಆರಿಸುವುದಕ್ಕಿಂತ ಇದು ಎಷ್ಟೋ ಖಚಿತವಾದ ದಾರಿ.

ಎರಡನೆಯ ಹೆಜ್ಜೆ: ಅಕ್ಷರಗಳ ಗಾತ್ರ ನೋಡಿ

ಇಂಗ್ಲಿಷಿನಲ್ಲಿ ಮೂರೂ ಅಕ್ಷರಗಳು ದೊಡ್ಡವಾಗಿದ್ದರೆ ಅದು ಪದವಲ್ಲ, ಸಂಕ್ಷೇಪ. ಭಾರತದಲ್ಲಿ ಅದಕ್ಕೆ ಎರಡು ವಿಸ್ತರಣೆಗಳಿವೆ: ‘ಪೋಸ್ಟಲ್ ಇಂಡೆಕ್ಸ್ ನಂಬರ್’ ಮತ್ತು ‘ಪರ್ಸನಲ್ ಐಡೆಂಟಿಫಿಕೇಶನ್ ನಂಬರ್’. ಉಕ್ಕಿನ ಪಿನ್ನಿಗೂ ಇವೆರಡಕ್ಕೂ ಸಂಬಂಧವಿಲ್ಲ. ಉಚ್ಚಾರಣೆ ಒಂದೇ ಆದದ್ದು ಬರಿಯ ಆಕಸ್ಮಿಕ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದ ಕಾರಣ ಈ ಸುಳಿವು ನಮ್ಮ ಬರಹಕ್ಕೆ ಬಂದಾಗ ಅಳಿಸಿಹೋಗುತ್ತದೆ. ಅದನ್ನು ಬೇರೆ ರೀತಿಯಲ್ಲಿ ಉಳಿಸಿಕೊಳ್ಳುವ ಉಪಾಯವನ್ನು ಕೊನೆಯ ಹೆಜ್ಜೆಯಲ್ಲಿ ಹೇಳಿದ್ದೇನೆ.

ಮೂರನೆಯ ಹೆಜ್ಜೆ: ಮೂಲ ಅರ್ಥ ಸೂಜಿಯಲ್ಲ, ಕೀಲು ಎಂಬುದನ್ನು ನೆನಪಿಡಿ

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಮರದ ಗೂಟ, ಕೀಲು ಎಂಬ ಅರ್ಥವಿತ್ತು. ಗರಿ, ಮೊನೆ ಎಂಬ ಅರ್ಥದ ಲ್ಯಾಟಿನಿನ ‘ಪಿನ್ನಾ’ ಎಂಬ ಪದಕ್ಕೆ ಇದರ ಬೇರನ್ನು ಒಯ್ದು ಮುಟ್ಟಿಸುತ್ತಾರೆ. ತೆಳುವಾದ ತಂತಿಯ ಅರ್ಥ ಆಮೇಲಿನದು. ಎರಡು ವಸ್ತುಗಳನ್ನು ಒಂದು ಮೂರನೆಯ ಕಡ್ಡಿ ತೂರಿ ಹಿಡಿದು ನಿಲ್ಲಿಸುವುದು ಎಂಬ ಒಂದೇ ಎಳೆಯನ್ನು ಹಿಡಿದರೆ ಯಂತ್ರದ ಪಿನ್ನು, ಮೂಳೆ ಮುರಿದಾಗ ವೈದ್ಯರು ಕೂರಿಸುವ ಪಿನ್ನು, ಕೈಬಾಂಬಿನ ಪಿನ್ನು ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಈ ಅರ್ಥಕ್ಕೆ ಕನ್ನಡ ಬಡವಾಗಿಲ್ಲ. ಕೀಲು, ಆಣಿ, ಬೆಣೆ, ಗೂಟ, ಅಗುಳಿ ಎಂಬ ಪದಗಳು ಒಂದೊಂದೂ ಒಂದೊಂದು ಬಗೆಯ ಹಿಡಿತವನ್ನು ಹೇಳುತ್ತವೆ. ಇಂಗ್ಲಿಷಿನ ‘ಲಿಂಚ್‌ಪಿನ್’ ಎಂದರೆ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕೀಲು. ಎತ್ತಿನ ಬಂಡಿಯವರು ಇದನ್ನು ಕಡಾಣಿ ಎನ್ನುತ್ತಾರೆ. ಹಳೆಯ ಕನ್ನಡದಲ್ಲಿ ಕಡೆಗೀಲು. ಸಂಸ್ಥೆಯೊಂದನ್ನೋ ಯೋಜನೆಯೊಂದನ್ನೋ ಹಿಡಿದು ನಿಲ್ಲಿಸಿರುವ ವ್ಯಕ್ತಿಯನ್ನು ಇಂಗ್ಲಿಷಿನವರು ರೂಪಕವಾಗಿ ‘ಲಿಂಚ್‌ಪಿನ್’ ಎಂದರೆ ಅನುವಾದಕರು ‘ಆಧಾರಸ್ತಂಭ’ ಎಂದು ಬರೆದು ಮುಗಿಸುತ್ತಾರೆ. ಆದರೆ ಬಂಡಿಯ ಕಡೆಗೀಲನ್ನು ರೂಪಕವಾಗಿ ಬಳಸಿದ ವಚನಕಾರ ಜೇಡರ ದಾಸಿಮಯ್ಯ ಇರುವ ಭಾಷೆಯಲ್ಲಿ ಕಂಬಕ್ಕೆ ಹೋಗಿ ಒರಗುವ ಅಗತ್ಯವೇನೂ ಕಾಣುವುದಿಲ್ಲ. ಕಂಬ ಎಲ್ಲರಿಗೂ ಕಾಣುವಂಥದ್ದು. ಕಡೆಗೀಲು ಕಳಚಿ ಬಿದ್ದಾಗಲೇ ಅದರ ನೆನಪಾಗುವುದು. ಮೂಲಪದದ ಧ್ವನಿಯೂ ಅದೇ.

ಗ್ಯಾರೇಜಿನ ಪದಗಳ ಮಾತು ಬೇರೆ. ಕಾಟರ್ ಪಿನ್, ಸ್ಪ್ಲಿಟ್ ಪಿನ್, ಪಿಸ್ಟನ್ ಪಿನ್, ಕಿಂಗ್‌ಪಿನ್ ಎಂಬುವನ್ನು ಮೆಕ್ಯಾನಿಕ್ಕುಗಳು ಹಾಗೆಯೇ ಹೇಳುತ್ತಾರೆ. ಅವನ್ನು ಕೀಲು ಎಂದು ಬದಲಿಸಿ ಬರೆದರೆ ಬಿಡಿಭಾಗದ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಇವುಗಳಲ್ಲಿ ಕಿಂಗ್‌ಪಿನ್ ಒಂದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಲಾರಿಯ ಮುಂದಿನ ಚಕ್ರ ಯಾವ ಕೀಲಿನ ಮೇಲೆ ಎಡಬಲಕ್ಕೆ ತಿರುಗುತ್ತದೆಯೋ ಅದು ಕಿಂಗ್‌ಪಿನ್. ಪತ್ರಿಕೆಗಳು ‘ದಂಧೆಯ ಕಿಂಗ್‌ಪಿನ್ ಸೆರೆ’ ಎಂದು ಬರೆದಾಗ ಅದು ಜಾಲದ ಮುಖಂಡ. ‘ಸೂತ್ರಧಾರ’ ಎಂಬ ಚೆಲುವಾದ ಪದ ನಮ್ಮಲ್ಲಿರುವಾಗ ಶೀರ್ಷಿಕೆಯಲ್ಲಿ ಕಿಂಗ್‌ಪಿನ್ ಏಕೆ ಬೇಕೋ ನನಗೆ ತಿಳಿಯದು.

ನಾಲ್ಕನೆಯ ಹೆಜ್ಜೆ: ಚುಚ್ಚುವ ಪಿನ್ನುಗಳನ್ನು ಬೇರೆಬೇರೆಯಾಗಿ ಗುರುತಿಸಿ

ಕಣ್ಣಿದ್ದರೆ ಸೂಜಿ, ತಲೆಯಿದ್ದರೆ ಗುಂಡುಸೂಜಿ. ಈ ಒಂದು ಸೂತ್ರ ಸಾಕು. ದಾರ ಪೋಣಿಸಲು ತೂತಿಲ್ಲದ, ತಲೆಯಲ್ಲಿ ಗುಂಡಿರುವ ಕಡ್ಡಿಯನ್ನು ‘ಸೂಜಿ’ ಎಂದು ಅನುವಾದಿಸುವುದು ತಪ್ಪು. ಅರ್ಥಶಾಸ್ತ್ರ ಓದಿದವರಿಗೆ ಈ ಗುಂಡುಸೂಜಿ ಚೆನ್ನಾಗಿ ಪರಿಚಿತ: ಆ್ಯಡಮ್ ಸ್ಮಿತ್ 1776ರಲ್ಲಿ ಶ್ರಮವಿಭಜನೆಯನ್ನು ವಿವರಿಸಲು ಎತ್ತಿಕೊಂಡ ಉದಾಹರಣೆ ಇದೇ. ಸುಮಾರು 18 ಬಿಡಿಕೆಲಸಗಳಾಗಿ ಹಂಚಿಕೊಂಡು ದುಡಿದ ಹತ್ತು ಜನ ದಿನಕ್ಕೆ 48,000 ಗುಂಡುಸೂಜಿಗಳನ್ನು ಮಾಡಬಲ್ಲರು ಎಂದು ಅವನು ಲೆಕ್ಕ ಕೊಟ್ಟ. ಅದನ್ನು ಕನ್ನಡದಲ್ಲಿ ‘ಸೂಜಿ ಕಾರ್ಖಾನೆ’ ಎಂದು ಬರೆದರೆ ಕೆಲಸದ ಹಂತಗಳೇ ಅರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ತಲೆ ಮಾಡುವುದೂ ತಲೆ ಕೂರಿಸುವುದೂ ಬೇರೆಬೇರೆ ಕೆಲಸಗಳು.

ಸೇಫ್ಟಿ ಪಿನ್ನಿಗೆ ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದು, ಅದನ್ನು 400 ಡಾಲರಿಗೆ ಮಾರಿಬಿಟ್ಟ. ಅವನ ಜಾಣ್ಮೆಯಿದ್ದದ್ದು ಮೊನೆಯನ್ನು ಮುಚ್ಚುವ ಕೊಂಡಿಯಲ್ಲಿ ಮತ್ತು ಇನ್ನೊಂದು ತುದಿಯಲ್ಲಿ ತಂತಿಯನ್ನು ಸುತ್ತಿ ಮಾಡಿದ ಸ್ಪ್ರಿಂಗಿನಲ್ಲಿ. ರೇಷ್ಮೆ ಸೀರೆಗೆ ತೊಂದರೆ ಕೊಡುವುದು ಆ ಸುರುಳಿಯೇ. ಬಟ್ಟೆ ಅದರೊಳಗೆ ಸಿಕ್ಕಿ ಎಳೆ ಕಿತ್ತುಬರುತ್ತದೆ. ಚುಚ್ಚುವ ಮೊದಲು ಪಿನ್ನಿಗೆ ಒಂದು ಚಿಕ್ಕ ಮಣಿಯನ್ನು ಪೋಣಿಸಿ ಸುರುಳಿಯ ತನಕ ಸರಿಸಿಕೊಂಡರೆ ಬಟ್ಟೆ ಅಲ್ಲಿಗೆ ಹೋಗುವುದೇ ಇಲ್ಲ. ಪದದ ವಿಚಾರದಲ್ಲಿ ಇದು ಪಕ್ಕದ ಮಾತು, ಆದರೂ ಉಪಯೋಗಕ್ಕೆ ಬರುವಂಥದ್ದು.

ಸ್ಟೇಪ್ಲರಿನಲ್ಲಿ ತುಂಬುವುದನ್ನು ನಾವು ‘ಪಿನ್’ ಎನ್ನುತ್ತೇವೆ. ಇದು ಭಾರತದ ಬಳಕೆ. ಬ್ರಿಟನ್ ಅಥವಾ ಅಮೆರಿಕದ ಅಂಗಡಿಯಲ್ಲಿ ಪಿನ್ ಕೇಳಿದರೆ ಗುಂಡುಸೂಜಿಯ ಡಬ್ಬಿ ಕೊಟ್ಟಾರು. ಅಲ್ಲಿ ಅವು ‘ಸ್ಟೇಪಲ್ಸ್’. ಡಬ್ಬಿಯ ಮೇಲೆ 24/6 ಎಂದಿದ್ದರೆ ಮೊದಲ ಸಂಖ್ಯೆ ತಂತಿಯ ದಪ್ಪವನ್ನೂ ಎರಡನೆಯದು ಕಾಲಿನ ಉದ್ದ 6 ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ಹಲಗೆಗೆ ಕಾಗದ ಅಂಟಿಸುವ ಚಪ್ಪಟೆ ತಲೆಯದ್ದು ಬ್ರಿಟನ್ನಿನಲ್ಲಿ ‘ಡ್ರಾಯಿಂಗ್ ಪಿನ್’, ಅಮೆರಿಕದಲ್ಲಿ ‘ಥಂಬ್‌ಟ್ಯಾಕ್’. ಬಟ್ಟೆ ಒಣಹಾಕುವಾಗ ಕಚ್ಚಿಸುವುದು ಅಮೆರಿಕದಲ್ಲಿ ‘ಕ್ಲೋತ್ಸ್‌ಪಿನ್’. ನಮ್ಮಲ್ಲಿ ಬಟ್ಟೆ ಕ್ಲಿಪ್ಪು. ‘ರೋಲಿಂಗ್ ಪಿನ್’ ಎಂದರೆ ಲಟ್ಟಣಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರ ಹೇರ್‌ಪಿನ್ನಿನ ಬಾಗು ರಸ್ತೆಗೂ ಹೆಸರು ಕೊಟ್ಟಿದೆ: ಆಗುಂಬೆ ಘಾಟಿಯಲ್ಲಿ 14, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27, ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ.

ಐದನೆಯ ಹೆಜ್ಜೆ: ಅಂಚೆಯ ಪಿನ್ ಓದಲು ಕಲಿಯಿರಿ

ಈ ಪಿನ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಆಗ ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಇದರ ರೂವಾರಿ. ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಭಾಷೆಗಳಲ್ಲಿ ಬರೆದ ವಿಳಾಸಗಳು, ಅರ್ಧಂಬರ್ಧ ಬರೆದ ವಿಳಾಸಗಳು, ಇವೆಲ್ಲ ಕಾಗದ ವಿಂಗಡಿಸುವವರನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಕಾಲವದು. ಹೊಸೂರು, ಹೊಸಹಳ್ಳಿ, ರಾಮಪುರ ಎಂಬ ಹೆಸರುಗಳನ್ನು ನೆನೆದರೆ ಕನ್ನಡಿಗರಿಗೆ ಇದರ ಕಷ್ಟ ತಾನಾಗಿ ತಿಳಿಯುತ್ತದೆ. ಲಕೋಟೆಯ ಮೇಲೆ ಬರಿಯ ‘ಹೊಸೂರು’ ಎಂದಿದ್ದರೆ ಅದು ಕರ್ನಾಟಕದ ಯಾವುದಾದರೂ ಹೊಸೂರಾಗಬಹುದು. ಕೆಳಗೆ 635ರಿಂದ ಶುರುವಾಗುವ ಸಂಖ್ಯೆಯಿದ್ದರೆ ತಮಿಳುನಾಡಿನದು ಎಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ.

ಆರು ಅಂಕಿಗಳನ್ನು ಎಡದಿಂದ ಓದಬೇಕು. ಮೊದಲ ಅಂಕಿ ವಲಯವನ್ನು ಹೇಳುತ್ತದೆ. 1ರಿಂದ 8ರವರೆಗಿನವು ಭೂಪ್ರದೇಶದ ವಲಯಗಳು. 9 ಸೇನೆಯ ಅಂಚೆಗೆ ಮೀಸಲು. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು 5ರಲ್ಲಿವೆ. ತಮಿಳುನಾಡು, ಕೇರಳಗಳು 6ರಲ್ಲಿ. ಎರಡನೆಯ ಅಂಕಿ ಉಪವಲಯದ್ದು. 56, 57, 58, 59 ಎಂದು ಶುರುವಾದರೆ ಕರ್ನಾಟಕ. ಮೂರನೆಯದು ಕಾಗದಗಳನ್ನು ವಿಂಗಡಿಸುವ ಜಿಲ್ಲೆಯದು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯವು. 560001 ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ. 570001 ಮೈಸೂರು, 575001 ಮಂಗಳೂರು, 580001 ಧಾರವಾಡ, 590001 ಬೆಳಗಾವಿ. ಮಂಗಳೂರಿನಿಂದ ಗಡಿ ದಾಟಿ ಕಾಸರಗೋಡಿಗೆ ಹೋದರೆ ಸಂಖ್ಯೆ 671121 ಆಗುತ್ತದೆ. ವಿಳಾಸವನ್ನು ಕನ್ನಡದಲ್ಲೇ ಬರೆದರೂ ಸಂಖ್ಯೆ ಕೇರಳದ್ದು. ಕಾಗದ ಸರಿಯಾಗಿ ತಲುಪುವುದು ಆ ಸಂಖ್ಯೆಯ ದೆಸೆಯಿಂದ.

ಬರೆಯುವಾಗ ಗಮನಿಸಬೇಕಾದದ್ದು ಇಷ್ಟು: ಆರಂಕಿಗಳು ಬಿಡಿಬಿಡಿಯಾಗಿ ಕಾಣಬೇಕು, ಮತ್ತು ಬಡಾವಣೆಯ ಹೆಸರಿಗಿಂತ ಬಟವಾಡೆಯ ಕಚೇರಿಯನ್ನು ನಂಬಬೇಕು. ಒಂದೇ ಬಡಾವಣೆಯ ಎರಡು ತುದಿಗಳು ಎರಡು ಕಚೇರಿಗಳಿಗೆ ಸೇರಿರುವುದು ಬೆಂಗಳೂರಿನಲ್ಲಿ ಹೊಸದೇನಲ್ಲ. ಪಕ್ಕದ ಬೀದಿಯವರ ಪಿನ್ ಕೇಳಿ ಬರೆದುಕೊಳ್ಳುವ ಅಭ್ಯಾಸದಿಂದ ಪಾರ್ಸೆಲ್ಲುಗಳು ಸುತ್ತುಹಾಕಿಕೊಂಡು ಬರುತ್ತವೆ. 2025ರಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ಎಂಬ ಇನ್ನೊಂದನ್ನು ತಂದಿದೆ. ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಅಕ್ಷರ, ಅಂಕಿಗಳು ಬೆರೆತ ಹತ್ತು ಸ್ಥಾನಗಳ ಸಂಕೇತ ಕೊಡುವ ಏರ್ಪಾಟು ಅದು. ಹಳೆಯ ಪಿನ್ ಅಂಚೆ ಕಚೇರಿಯನ್ನು ತೋರಿಸಿದರೆ ಇದು ನಿಮ್ಮ ಮನೆಯ ಬಾಗಿಲನ್ನೇ ತೋರಿಸುತ್ತದೆ.

ಹೊರದೇಶಕ್ಕೆ ಹೋಗುವವರು ಈ ಪದವನ್ನು ಇಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು. ಅಮೆರಿಕದಲ್ಲಿ ವಿಳಾಸದ ಸಂಖ್ಯೆ ‘ಜಿಪ್ ಕೋಡ್’, ಬ್ರಿಟನ್ನಿನಲ್ಲಿ ‘ಪೋಸ್ಟ್‌ಕೋಡ್’. ‘ನಿಮ್ಮ ಪಿನ್ ಏನು’ ಎಂದು ಅಲ್ಲಿಯವರನ್ನು ಕೇಳಿದರೆ, ಬ್ಯಾಂಕ್ ಕಾರ್ಡಿನ ಗುಟ್ಟನ್ನು ಕೇಳುತ್ತಿದ್ದೀರಿ ಎಂದೇ ಅವರು ತಿಳಿಯುತ್ತಾರೆ.

ಆರನೆಯ ಹೆಜ್ಜೆ: ಗುಟ್ಟಿನ ಪಿನ್ ಯಾವಾಗ ಬೇಕು, ಯಾವಾಗ ಬೇಡ ಎಂದು ತಿಳಿಯಿರಿ

1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಹಣ ಕೊಡುವ ಯಂತ್ರವನ್ನು ನಿಲ್ಲಿಸಿತು. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಮೊದಲು ಅವರ ಮನಸ್ಸಿನಲ್ಲಿದ್ದದ್ದು ಆರಂಕಿ. ತನಗೆ ನೆನಪಿರುವುದು ನಾಲ್ಕೇ ಎಂದು ಅಡುಗೆಮನೆಯ ಮೇಜಿನ ಬಳಿ ಹೆಂಡತಿ ಹೇಳಿದ್ದರಿಂದ ನಾಲ್ಕಂಕಿಗೆ ಇಳಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಇಂಥ ಸಂಖ್ಯೆಯ ವ್ಯವಸ್ಥೆಗೆ 1966ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ ಕಾರಣ, ಯಾರು ಮೊದಲು ಎಂಬ ಚರ್ಚೆ ಇನ್ನೂ ಇದೆ. ನಾಲ್ಕಂಕಿಯಲ್ಲಿ 10,000 ಸಂಖ್ಯೆಗಳು, ಆರಂಕಿಯಲ್ಲಿ 10 ಲಕ್ಷ. ಆದರೂ ಹುಟ್ಟಿದ ವರ್ಷವನ್ನೇ ಇಟ್ಟುಕೊಳ್ಳುವವನಿಗೆ ಆ ಹತ್ತು ಸಾವಿರ ನೂರರೊಳಗೆ ಇಳಿದುಬಿಡುತ್ತದೆ.

ಇಲ್ಲಿ ಎರಡು ಭೇದಗಳನ್ನು ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ಪಿನ್ ನೀವೇ ಗೊತ್ತುಮಾಡಿಕೊಂಡು ನೆನಪಿನಲ್ಲಿ ಇಟ್ಟುಕೊಳ್ಳುವುದು. ಒಟಿಪಿ ಪ್ರತಿ ಸಲವೂ ಹೊಸದಾಗಿ ಬಂದು ಸ್ವಲ್ಪ ಹೊತ್ತಿಗೆ ಸಾಯುವುದು. ಎರಡನೆಯ ಭೇದ ಇನ್ನೂ ಮುಖ್ಯ: ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು ಅಥವಾ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಹಣ ಪಡೆಯಲು ಅದನ್ನು ಒತ್ತಬೇಕಾಗಿಲ್ಲ. ‘ನಿಮಗೆ ದುಡ್ಡು ಬರಬೇಕಾದರೆ ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ, ಆ ವಾಕ್ಯವೊಂದೇ ಅವರು ಮೋಸಗಾರರೆಂಬುದಕ್ಕೆ ಸಾಕ್ಷಿ. ಸಿಮ್ ಕಾರ್ಡಿನ ಪಿನ್ ಮೂರು ಸಲ ತಪ್ಪಿದರೆ ಕಾರ್ಡು ಮುಚ್ಚಿಕೊಂಡು ‘ಪಕ್’ ಎಂಬ ಎಂಟಂಕಿಯ ಇನ್ನೊಂದು ಸಂಖ್ಯೆಯನ್ನು ಕೇಳುತ್ತದೆ. ಅದನ್ನು ಊಹಿಸಿ ಒತ್ತುತ್ತ ಕೂರಬಾರದು. ಹತ್ತು ಸಲ ತಪ್ಪಿದರೆ ಆ ಕಾರ್ಡಿನ ಕಥೆ ಮುಗಿದಂತೆಯೇ.

ಏಳನೆಯ ಹೆಜ್ಜೆ: ವಿದ್ಯುತ್ತಿನ ಪಿನ್ನು, ಪರದೆಯ ಪಿನ್ನು

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಉದ್ದವಾಗಿಯೂ ದಪ್ಪವಾಗಿಯೂ ಇರುವುದಕ್ಕೆ ಕಾರಣವಿದೆ. ಅದು ಭೂಸಂಪರ್ಕದ್ದು, ಉದ್ದವಾಗಿರುವುದರಿಂದ ಒಳಹೋಗುವಾಗ ಎಲ್ಲಕ್ಕಿಂತ ಮೊದಲು ತಾಗುತ್ತದೆ, ಹೊರಬರುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ದಪ್ಪವಾಗಿರುವುದರಿಂದ ವಿದ್ಯುತ್ ಹರಿಯುವ ತೂತಿಗೆ ತಪ್ಪಿಯೂ ಇಳಿಯುವುದಿಲ್ಲ. ಚಿಪ್ಪಿನ ಕಾಲುಗಳೂ ಪಿನ್ನುಗಳೇ: ಎರಡು ಸಾಲು ಕಾಲುಗಳ ಚಿಪ್ಪನ್ನು ಮೇಲಿನಿಂದ ನೋಡುತ್ತ, ಕಚ್ಚು ಅಥವಾ ಚುಕ್ಕೆಯ ಗುರುತಿರುವ ತುದಿಯನ್ನು ಮೇಲಿಟ್ಟುಕೊಂಡು, ಎಡಗಡೆಯ ಮೊದಲನೆಯದನ್ನು 1 ಎಂದು ಹಿಡಿದು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಎಣಿಸಬೇಕು. ಮೊಬೈಲ್ ಅಂಗಡಿಯಲ್ಲಿ ‘ಸಿ ಪಿನ್’, ‘ಸಣ್ಣ ಪಿನ್’ ಎಂದು ನಾವು ಹೇಳುವುದು ಇಡೀ ಚಾರ್ಜರಿನ ತುದಿಯನ್ನು. ಇಂಗ್ಲಿಷಿನಲ್ಲಿ ಅದು ‘ಕನೆಕ್ಟರ್’, ಒಳಗಿರುವ ಒಂದೊಂದು ಲೋಹದ ಪಟ್ಟಿ ಮಾತ್ರ ಪಿನ್.

ಪರದೆಯ ಮೇಲಿನ ಪಿನ್ನು ಗೋಡೆಯ ನಕ್ಷೆಗೆ ಚುಚ್ಚುತ್ತಿದ್ದ ಗುಂಡುಸೂಜಿಯ ನೆರಳು. ಗೂಗಲ್ ನಕ್ಷೆಯ ಕೆಂಪು ಪಿನ್ನನ್ನು ರೂಪಿಸಿದವರು ಯೆನ್ಸ್ ರಾಸ್ಮುಸೆನ್. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಅದರಲ್ಲಿ ಸ್ಥಳವನ್ನು ತೋರಿಸುವುದು ಕೆಳಗಿನ ಮೊನೆಯೇ ಹೊರತು ಮೇಲಿನ ಗುಂಡಲ್ಲ. ಮದುವೆಗೆ ಬರುವವರಿಗೆ ಲೊಕೇಶನ್ ಕಳಿಸುವಾಗ ಮೊನೆಯನ್ನು ಛತ್ರದ ಹಿಂಗೋಡೆಗಲ್ಲ, ಹೆಬ್ಬಾಗಿಲಿಗೆ ಇಡಬೇಕು. ವಾಟ್ಸಾಪಿನಲ್ಲಿ ಸಂದೇಶ ಪಿನ್ ಮಾಡುವುದು ಎಂದರೆ ಅದು ಜಾರಿಹೋಗದಂತೆ ಮೇಲೆ ಸಿಕ್ಕಿಸಿಡುವುದು. ಚದುರಂಗದಲ್ಲಿ ಪಿನ್ ಎಂದರೆ ಕಾಯಿಯನ್ನು ಕಟ್ಟಿಹಾಕುವುದು: ಹಿಂದೆ ರಾಜನಿದ್ದರೆ ಆ ಕಾಯಿ ಅಲುಗುವುದೇ ನಿಯಮಕ್ಕೆ ವಿರುದ್ಧ, ಹಿಂದೆ ರಾಣಿಯಿದ್ದರೆ ಅಲುಗಬಹುದು, ನಷ್ಟ ತಪ್ಪದು. ಕುಸ್ತಿಯ ಪಿನ್ನಿಗೆ ನಮ್ಮ ಗರಡಿಯ ಮಾತು ‘ಚಿತ್’.

ಎಂಟನೆಯ ಹೆಜ್ಜೆ: ನುಡಿಗಟ್ಟಿನಲ್ಲಿ ಪಿನ್ನನ್ನು ಬಿಟ್ಟುಬಿಡಿ

ಇಂಗ್ಲಿಷಿನ ನುಡಿಗಟ್ಟುಗಳಲ್ಲಿ ಬರುವ ಪಿನ್ ಕನ್ನಡಕ್ಕೆ ಬರುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಯಾರ ಮೇಲಾದರೂ ತಪ್ಪನ್ನು ‘ಪಿನ್’ ಮಾಡಿದರೆ ನಾವು ತಪ್ಪನ್ನು ಅವರ ತಲೆಗೆ ಕಟ್ಟುತ್ತೇವೆ. ಭರವಸೆಯನ್ನು ‘ಪಿನ್’ ಮಾಡಿದರೆ ನಾವು ಅವರನ್ನೇ ನಂಬಿಕೊಂಡು ಕೂರುತ್ತೇವೆ. ಮಾತು ತಪ್ಪಿಸುವವರನ್ನು ‘ಪಿನ್ ಡೌನ್’ ಮಾಡುವುದೆಂದರೆ ಹಿಡಿದು ಬಾಯಿಬಿಡಿಸುವುದು. ಮರದ ಕೆಳಗೆ ‘ಪಿನ್’ ಆದವನು ಮರದಡಿ ಸಿಲುಕಿದವನು. ‘ಪಿನ್ಸ್ ಆ್ಯಂಡ್ ನೀಡಲ್ಸ್’ ಕಾಲಿಗೆ ಬಂದರೆ ಜೋಮು. ಅಮೆರಿಕದವರು ಅದರ ಮೇಲೆ ಕುಳಿತಿದ್ದೇನೆ ಎಂದರೆ ನಮ್ಮಲ್ಲಿ ಮುಳ್ಳಿನ ಮೇಲೆ ಕುಳಿತ ಹಾಗೆ. ‘ಪಿನ್ ಮನಿ’ ಕೈಖರ್ಚಿನ ಪುಡಿಗಾಸು. ಮೇಷ್ಟ್ರುಗಳ ‘ಪಿನ್ ಡ್ರಾಪ್ ಸೈಲೆನ್ಸ್’ ಒಂದು ಮಾತ್ರ ‘ಸೂಜಿ ಬಿದ್ದರೂ ಕೇಳುವಷ್ಟು ಮೌನ’ ಎಂದು ಕನ್ನಡದಲ್ಲಿ ನೆಲೆಯೂರಿಬಿಟ್ಟಿದೆ. ಕಣ್ಣಿಗೂ ತಲೆಗೂ ಭೇದ ಮಾಡಬೇಕೆಂದು ಮೇಲೆ ಹೇಳಿದೆನಲ್ಲ, ಆ ನಿಯಮವನ್ನು ಇಲ್ಲಿ ಸಡಿಲಿಸಲೇಬೇಕು. ಬಿದ್ದದ್ದು ಗುಂಡುಸೂಜಿ ಎಂದು ತಿದ್ದಲು ಹೋದರೆ ಮೌನವೇ ಕೆಟ್ಟುಹೋಗುತ್ತದೆ.

ಕೊನೆಯ ಹೆಜ್ಜೆ: ಬರೆಯುವುದು ಮತ್ತು ಉಚ್ಚರಿಸುವುದು

ಕನ್ನಡ ಈ ಪದವನ್ನು ತನ್ನ ಒಕ್ಕಲಿಗೆ ಸೇರಿಸಿಕೊಂಡಿರುವ ರೀತಿ ಸೊಗಸಾಗಿದೆ. ಹ್ರಸ್ವಸ್ವರದ ಮುಂದಿನ ವ್ಯಂಜನ ಇಮ್ಮಡಿಯಾಗಿ ಕೊನೆಗೆ ಉಕಾರ ಬರುವುದು ನಮ್ಮ ಹಳೆಯ ಕ್ರಮ. ಕಣ್ ಎಂಬುದು ಕಣ್ಣು, ಬೆನ್ ಎಂಬುದು ಬೆನ್ನು ಆದಂತೆ ಪೆನ್ ಪೆನ್ನಾಯಿತು, ಪಿನ್ ಪಿನ್ನಾಯಿತು. ಆದರೆ ಗಮನಿಸಿ: ‘ಪಿನ್ನು ಬಿದ್ದುಹೋಯಿತು’ ಎಂದರೆ ಯಾರಿಗೂ ಎಟಿಎಂ ನೆನಪಾಗುವುದಿಲ್ಲ, ‘ಪಿನ್ ಮರೆತುಹೋಯಿತು’ ಎಂದರೆ ಯಾರೂ ಸೀರೆಯ ಕಡೆ ನೋಡುವುದಿಲ್ಲ. ಉಕಾರ ಪಡೆದು ಮನೆಯವನಾದದ್ದು ವಸ್ತು ಮಾತ್ರ. ಸಂಖ್ಯೆ ಇನ್ನೂ ಹೊಸಿಲಿನಲ್ಲೇ ನಿಂತಿದೆ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದ ನಮ್ಮ ಲಿಪಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಡ. ಆದ್ದರಿಂದ ವಸ್ತುವಿಗೆ ಪಿನ್ನು, ಪಿನ್ನಿಗೆ, ಪಿನ್ನಿನಿಂದ ಎಂದೂ, ಸಂಖ್ಯೆಗೆ ಪಿನ್ ಕೋಡ್, ಪಿನ್ ನಂಬರ್ ಎಂದೂ ಬರೆಯುವುದು ನನಗೆ ಸರಿಯೆನಿಸುತ್ತದೆ. ಪಿನ್ ಎಂಬುದರೊಳಗೇ ನಂಬರ್ ಇದೆ, ಎರಡು ಸಲ ಏಕೆ ಎಂದು ಇಂಗ್ಲಿಷ್ ಬಲ್ಲವರು ಆಕ್ಷೇಪಿಸಬಹುದು. ಗೊಂದಲ ಕಳೆಯುವ ಪುನರುಕ್ತಿಗೆ ಕನ್ನಡದಲ್ಲಿ ದೋಷವಿಲ್ಲ.

ಉಚ್ಚಾರಣೆಯಲ್ಲಿ ಒಂದು ಸೂಕ್ಷ್ಮವಿದೆ. ಇಂಗ್ಲಿಷಿನವರು ಈ ಪದವನ್ನು ಶುರುಮಾಡುವಾಗ ತುಟಿಯಿಂದ ಒಂದಿಷ್ಟು ಉಸಿರನ್ನು ಹೊರಹಾಕುತ್ತಾರೆ. ಅದು ನಮ್ಮ ಅಲ್ಪಪ್ರಾಣ ಪಕಾರಕ್ಕಿಂತ ವ್ಯಾಕರಣದ ಮಹಾಪ್ರಾಣ ಫಕಾರಕ್ಕೆ ಹತ್ತಿರ. ‘ಸ್ಪಿನ್’ ಎನ್ನುವಾಗ ಆ ಉಸಿರು ಇರುವುದಿಲ್ಲ. ನಾವು ಉಸಿರಿಲ್ಲದೆ ‘ಪಿನ್’ ಎಂದರೆ ಅವರ ಕಿವಿಗೆ ಅದು ಕಸದ ‘ಬಿನ್’ ಎಂದು ಕೇಳಿಸುವುದುಂಟು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇರೊಂದು ಬಗೆಯ ತೊಡಕು: ಅಲ್ಲಿ ಅನೇಕರ ಬಾಯಲ್ಲಿ ‘ಪಿನ್’ ಮತ್ತು ‘ಪೆನ್’ ಒಂದೇ ಆಗಿಬಿಟ್ಟಿವೆ, ಅದಕ್ಕೇ ಅವರು ಬರೆಯುವುದನ್ನು ‘ಇಂಕ್ ಪೆನ್’ ಎಂದು ಬಿಡಿಸಿ ಹೇಳುತ್ತಾರೆ. ಅಲ್ಲಿನ ಕಚೇರಿಯಲ್ಲಿ ಯಾರಾದರೂ ಬಂದು ‘ಪಿನ್ ಇದೆಯೇ’ ಎಂದು ಕೇಳಿದಂತೆ ಕೇಳಿಸಿದರೆ ಗುಂಡುಸೂಜಿ ಹುಡುಕುವ ಮೊದಲು ಅವರ ಕೈ ನೋಡಿ. ಸಹಿ ಹಾಕಬೇಕಾದ ಕಾಗದ ಹಿಡಿದಿದ್ದರೆ ಪೆನ್ನು ಕೊಡಿ.